ದತ್ತಿಯ ಆಸ್ತಿ ಯಾರದು? ಸೋಸಲೆಯ ದಾವೆ ಕಲಿಸಿದ ಪಾಠ

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನ ಸುತ್ತಮುತ್ತ ಮಠ, ಛತ್ರ, ದೇವಾಲಯಗಳಿಗೆ ನಮ್ಮ ಹಿರಿಯರು ಬಿಟ್ಟ ದತ್ತಿಗಳು ಅನೇಕ. ಕೆಲವಕ್ಕೆ ಶಿಲಾಶಾಸನವುಂಟು, ಕೆಲವಕ್ಕೆ ನೋಂದಾಯಿತ ಪತ್ರವುಂಟು, ಹಲವಕ್ಕೆ ಊರವರ ನೆನಪೊಂದೇ ಆಧಾರ.

ಕೆಲವು ವರ್ಷಗಳ ಹಿಂದೆ ತಿ. ನರಸೀಪುರ ತಾಲ್ಲೂಕಿನ ತಾಯಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಮಾವನವರು ದಾಸೋಹಕ್ಕೆಂದು ಒಂದು ಎಕರೆ ಗದ್ದೆಯನ್ನು ಬಾಯಿಮಾತಿನಲ್ಲಿ ಬಿಟ್ಟಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಮನೆತನದ ಮುಂದಿನ ತಲೆಮಾರಿನವರು ತಮ್ಮದೇ ಎಂಬಂತೆ ಭೋಗ್ಯಕ್ಕೆ ಹಾಕಿದ್ದರು. “ಅಯ್ಯನವರೇ, ಮಾವನವರು ಕೊಟ್ಟದ್ದು ಶಿವನಿಗೆ. ಈಗ ಅದು ಯಾರದು?” ಎಂದು ಆ ತಾಯಿ ಕೇಳಿದರು. ನಾವು ತಲೆ ತಗ್ಗಿಸಿದೆವು. ಏಕೆಂದರೆ ಆ ದಾನದ ದಿನ ನಾವೂ ಅಲ್ಲಿದ್ದೆವು. ಹರಸಿದೆವು, ಪ್ರಸಾದ ಸ್ವೀಕರಿಸಿದೆವು, ಪತ್ರ ಬರೆಸಿರೆಂದು ಮಾತ್ರ ಹೇಳಲಿಲ್ಲ.

ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಹೋದಾಗ ಇದೇ ತಾಲ್ಲೂಕಿನ ಹೆಸರು ಹೊತ್ತ ಒಂದು ಪ್ರಸಿದ್ಧ ದಾವೆ ನಮಗೆ ಎದುರಾಯಿತು. ಸೋಸಲೆಯ ವ್ಯಾಸರಾಜ ಮಠವನ್ನು ಅರಿಯದವರಿಲ್ಲ. ಆ ಪರಂಪರೆಯ ವ್ಯಾಸತೀರ್ಥರು ನಮ್ಮ ಬನ್ನೂರಿನಲ್ಲಿಯೇ ಜನಿಸಿದವರು. ಸಂಪ್ರದಾಯ ಬೇರೆಯಾದರೂ ಮಠದ ಆಸ್ತಿಯ ಕಷ್ಟ ಎಲ್ಲರಿಗೂ ಒಂದೇ. ಈ ಮಠಕ್ಕೆ ಸೇರಿದ ಮಧುರೆಯ ಕಡೆಯ ಭೂಮಿಯನ್ನು ಹಿಂದಿನ ಪೀಠಾಧಿಪತಿಯೊಬ್ಬರು ಶಾಶ್ವತ ಗೇಣಿಗೆ ಕೊಟ್ಟಿದ್ದರು. ಮುಂದೆ ಪೀಠವೇರಿದ ಶ್ರೀ ವಿದ್ಯಾವಾರಿಧಿ ತೀರ್ಥರು ಅದನ್ನು ಮರಳಿ ಪಡೆಯಲು ದಾವೆ ಹೂಡಿದರು. ವ್ಯಾಜ್ಯವು ಕಡಲಾಚೆಯ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ ೧೯೨೧ರಲ್ಲಿ ತೀರ್ಮಾನವಾಯಿತು.

ತೀರ್ಪು ಬರೆದವರು ಸೈಯದ್ ಅಮೀರ್ ಅಲಿ. ೧೮೭೩ರಲ್ಲಿ ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆದವರು, ೧೯೦೯ರಲ್ಲಿ ಪ್ರಿವಿ ಕೌನ್ಸಿಲ್‌ಗೆ ನೇಮಕಗೊಂಡ ಮೊದಲ ಭಾರತೀಯರು. ಇಂಗ್ಲಿಷರ ಟ್ರಸ್ಟ್ ಪದ್ಧತಿಯನ್ನು ಬಲ್ಲ ಅವರು, ನಮ್ಮ ಮಠಗಳಿಗೆ ಅದನ್ನು ಹಾಗೆಯೇ ಹೊಂದಿಸಲಾಗದೆಂದು ಕಂಡುಕೊಂಡರು. ಇಂಗ್ಲಿಷರ ಟ್ರಸ್ಟಿನಲ್ಲಿ ಆಸ್ತಿಯ ಒಡೆತನ ಟ್ರಸ್ಟಿಯ ಹೆಸರಿಗೆ ವರ್ಗವಾಗುತ್ತದೆ, ಫಲ ಮಾತ್ರ ಬೇರೆಯವರಿಗೆ ಸೇರುತ್ತದೆ. ಮಠದಲ್ಲಿ ಹಾಗಲ್ಲ, ಆಸ್ತಿ ಸಂಸ್ಥೆಯದೇ. ಪೀಠಾಧಿಪತಿಯು ಅದರ ಒಡೆಯನೂ ಅಲ್ಲ, ಆ ಅರ್ಥದ ಟ್ರಸ್ಟಿಯೂ ಅಲ್ಲ. ಅವರು ನಿರ್ವಾಹಕರು, ಆದರೆ ಅವ್ಯವಹಾರವಾದರೆ ಟ್ರಸ್ಟಿಯಂತೆಯೇ ಉತ್ತರದಾಯಿಗಳು. ಸಂಸ್ಥೆಗೆ ಅನಿವಾರ್ಯ ಅಗತ್ಯವಿಲ್ಲದೆ ಕೊಟ್ಟ ಶಾಶ್ವತ ಗೇಣಿಯು ಕೊಟ್ಟವರ ಕಾಲದ ಆಚೆಗೆ ಸಂಸ್ಥೆಯನ್ನು ಕಟ್ಟಿಹಾಕದು. ಈ ತತ್ತ್ವದ ಬಲದಿಂದ ಮಠಕ್ಕೆ ಜಯವಾಯಿತು.

ಕಾಲಮಿತಿಯ ಕಾನೂನಿನಲ್ಲಿ ಈ ತೀರ್ಪಿನಿಂದ ತಲೆದೋರಿದ ತೊಡಕನ್ನು ೧೯೨೯ರ ತಿದ್ದುಪಡಿಯು ಸರಿಪಡಿಸಿತು. ಅನ್ಯಾಕ್ರಾಂತವಾದ ಆಸ್ತಿಯನ್ನು ಮರಳಿ ಪಡೆಯುವ ಮಟ್ಟಿಗೆ ಮಠ ದೇವಾಲಯಗಳ ನಿರ್ವಾಹಕರನ್ನು ಟ್ರಸ್ಟಿಯೆಂದೇ ಎಣಿಸಬೇಕೆಂದು ಗೊತ್ತುಪಡಿಸಲಾಯಿತು.

ತೆರಿಗೆಯ ಪ್ರಶ್ನೆ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಬಂದಿತು. ಮದರಾಸು ಸರ್ಕಾರದ ೧೯೫೧ರ ಕಾಯಿದೆಯು ಧಾರ್ಮಿಕ ಸಂಸ್ಥೆಗಳ ವರಮಾನದಲ್ಲಿ ನೂರಕ್ಕೆ ೫ರವರೆಗೆ ವಾರ್ಷಿಕ ವಂತಿಗೆ ವಿಧಿಸಿತ್ತು. ೧೯೫೪ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು, ಸೇವೆಗೆ ಪ್ರತಿಯಾಗಿ ಪಡೆಯುವ ಶುಲ್ಕ ಬೇರೆ, ಬೊಕ್ಕಸಕ್ಕೆ ಸೇರುವ ತೆರಿಗೆ ಬೇರೆ ಎಂದು ವಿಂಗಡಿಸಿ, ಈ ವಂತಿಗೆ ತೆರಿಗೆಯೇ ಆದುದರಿಂದ ರಾಜ್ಯಕ್ಕೆ ಅದನ್ನು ವಿಧಿಸುವ ಅಧಿಕಾರವಿಲ್ಲವೆಂದರು. ಧಾರ್ಮಿಕ ಆಚರಣೆ ಮಠದ್ದು, ಆದರೆ ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದೆಂಬ ಗೆರೆಯನ್ನೂ ಎಳೆದರು. ಅದೇ ೧೯೫೪ರಲ್ಲಿ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಸ್ಥಾಪಿಸಿ, ವಿದ್ಯಾದಾಸೋಹಕ್ಕೆ ಪ್ರತ್ಯೇಕ ಸಂಸ್ಥೆಯ ರೂಪವಿತ್ತರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ.

ಇಂದು ದಾನ ಮಾಡಬಯಸುವ ಮನೆಗಳವರು ತಿಳಿಯಬೇಕಾದುದೇನು? ೧೮೮೨ರ ಭಾರತೀಯ ಟ್ರಸ್ಟ್ ಕಾಯಿದೆ ಖಾಸಗಿ ಟ್ರಸ್ಟುಗಳಿಗೆ ಸಂಬಂಧಿಸಿದ್ದು, ಧಾರ್ಮಿಕ ದತ್ತಿಗಳಿಗಲ್ಲ. ದೇವರಿಗೆ ಬಾಯಿಮಾತಿನಲ್ಲಿ ಮಾಡಿದ ಸಮರ್ಪಣೆಯನ್ನು ನ್ಯಾಯಾಲಯಗಳು ಎತ್ತಿಹಿಡಿದದ್ದುಂಟು, ಆದರೆ ಅದನ್ನು ರುಜುವಾತುಪಡಿಸುವುದು ಬಲು ಕಷ್ಟ. ಆದುದರಿಂದ ಭೂಮಿಯ ಚೆಕ್ಕುಬಂದಿ, ದಾನದ ಉದ್ದೇಶ, ನಿರ್ವಾಹಕರು ಯಾರು, ಅವರ ನಂತರ ಯಾರು, ಮಾರುವ ಅಥವಾ ಗೇಣಿಗೆ ಕೊಡುವ ಅಧಿಕಾರವೆಷ್ಟು ಎಂಬುದನ್ನೆಲ್ಲ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು.

ಟ್ರಸ್ಟು ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಪಡೆದರೆ ಮಾತ್ರ ವಿನಾಯಿತಿ ದೊರೆಯುತ್ತದೆ. ೨೦೨೧ರಿಂದ ಈ ನೋಂದಣಿ ಒಮ್ಮೆ ಪಡೆದರೆ ಶಾಶ್ವತವಲ್ಲ, ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ವರಮಾನದಲ್ಲಿ ನೂರಕ್ಕೆ ೮೫ ಭಾಗವನ್ನು ಉದ್ದೇಶಿತ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ೧೯೬೧ರ ಕಾಯಿದೆಯ ನಿಯಮ, ೨೦೨೫ರ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಟ್ರಸ್ಟು ವ್ಯಾಪಾರದ ಸ್ವರೂಪದ ಕೆಲಸ ನಡೆಸಿದರೆ ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕವಿರಬೇಕು. ದಾನಿಯೂ ಎಚ್ಚರದಿಂದಿರಲಿ: ೨೦೦೦ ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ರಿಯಾಯಿತಿ ಇಲ್ಲ.

ನಿರ್ವಾಹಕರು ದಾರಿ ತಪ್ಪಿದರೆ ಭಕ್ತರು ಅಸಹಾಯಕರಲ್ಲ. ಸಾರ್ವಜನಿಕ ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೆಯ ಕಲಮಿನಂತೆ ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಯಲು ಕೋರಬಹುದು.

ಆ ತಾಯಿಯ ಗದ್ದೆ ಏನಾಯಿತೆಂದು ಓದುಗರು ಕೇಳಬಹುದು. ಅವರ ಮನೆಯ ಗಂಟಿನಲ್ಲಿ ಮಾವನವರ ಕೈಬರಹದ ದಾಸೋಹದ ಲೆಕ್ಕದ ಪುಸ್ತಕವೊಂದು ದೊರೆಯಿತು. ವರ್ಷವರ್ಷವೂ ಆ ಗದ್ದೆಯಿಂದ ಬಂದ ಭತ್ತ, ಅದರ ಖರ್ಚು ಅದರಲ್ಲಿದ್ದವು. ವಕೀಲರು ಅದನ್ನು ಎದುರು ಮನೆತನದ ಹಿರಿಯರ ಮುಂದಿಟ್ಟರು. ಅವರು ಪುಟಗಳನ್ನು ತಿರುವಿ, ತಮ್ಮ ತಂದೆಯವರ ಸಹಿಯನ್ನೂ ಕಂಡು ಸುಮ್ಮನಾದರು. ನ್ಯಾಯಾಲಯದ ಮೆಟ್ಟಿಲೇರದೆಯೇ ಭೋಗ್ಯ ಬಿಡಿಸಿ ದತ್ತಿಪತ್ರ ನೋಂದಾಯಿತವಾಯಿತು. ಆ ಬಾರಿ ನಾವು ಸಾಕ್ಷಿ ಹಾಕಿದೆವು.

ಶರಣ ಬಂಧುಗಳೇ, ದಾಸೋಹವೆಂದರೆ “ನನ್ನದು” ಎಂಬುದನ್ನು ಬಿಡುವುದು. ಬಿಟ್ಟದ್ದು ಮತ್ತೊಬ್ಬನ “ನನ್ನದು” ಆಗದಂತೆ ಕಾಯುವುದೂ ದಾಸೋಹದ ಅಂಗವೇ. ನಿಮ್ಮ ಮನೆಯ ಹಿರಿಯರು ಯಾವ ದತ್ತಿ ಬಿಟ್ಟಿದ್ದಾರೆಂದು ಈ ತಿಂಗಳು ಒಮ್ಮೆ ವಿಚಾರಿಸಿರಿ, ಕಾಗದಪತ್ರಗಳನ್ನು ಹೊರತೆಗೆದು ನೋಡಿರಿ.