ಡೆರೆಕ್‌ನನ್ನು ಕಂಡು ನಗಬಹುದೇ?

ರಿಕಿ ಜರ್ವೇಸ್ ತಾವೇ ಬರೆದು, ನಿರ್ದೇಶಿಸಿ, ನಟಿಸಿದ 'ಡೆರೆಕ್' ಹಾಸ್ಯ ಧಾರಾವಾಹಿಯನ್ನು ಬ್ರಿಟನ್ನಿನಲ್ಲಿರುವ ನಮ್ಮಲ್ಲಿ ಹಲವರು ನೋಡಿರಬಹುದು. 2012ರಲ್ಲಿ ಚಾನೆಲ್ 4ರಲ್ಲಿ ಒಂದೇ ಕಂತಾಗಿ ಬಂದದ್ದು 2013, 2014ರಲ್ಲಿ ಮುಂದುವರಿಯಿತು. ಡೆರೆಕ್ ವೃದ್ಧಾಶ್ರಮವೊಂದರ ಕೆಲಸಗಾರ. ಬಾಗಿದ ಬೆನ್ನು, ಮುಂದೆ ಚಾಚಿದ ದವಡೆ, ಕಾಲೆಳೆಯುವ ನಡಿಗೆ. ಮನಸ್ಸು ಮಾತ್ರ ಮಗುವಿನದು.

ನೋಡುಗರು ಎರಡು ಬಣವಾದರು. ಇದು ಬುದ್ಧಿಮಾಂದ್ಯರ ಅಣಕ ಎಂದು ಕೆಲವರು ಸಿಡಿದರು. ವೃದ್ಧರ ಬದುಕನ್ನು ಎಷ್ಟು ಅಕ್ಕರೆಯಿಂದ ತೋರಿಸಿದ್ದಾರೆ ಎಂದು ಕಣ್ಣೊರೆಸಿಕೊಂಡವರೂ ಇದ್ದರು. ಡೆರೆಕ್ ಅಂಗವಿಕಲನೇ ಅಲ್ಲ ಎಂಬುದು ಜರ್ವೇಸ್ ಅವರ ವಾದ.

ವೈದ್ಯನಾದ ನನಗೆ ಈ ಸಮಜಾಯಿಷಿ ಸಾಲದು. ಅಂಥ ದವಡೆ, ಅಂಥ ನಡಿಗೆಯ ನಿಜವಾದ ಮನುಷ್ಯರು ನಮ್ಮ ನಡುವೆ ಇದ್ದಾರೆ. ಬೀದಿಯಲ್ಲಿ ಅವರನ್ನು ಕಂಡು ಹಲ್ಲು ಕಿರಿಯುವವನು ಕಾಯಿಲೆಯ ಹೆಸರು ವಿಚಾರಿಸಿಕೊಂಡು ನಗುವುದಿಲ್ಲ. ಹಾಗೆಂದು ಧಾರಾವಾಹಿಯನ್ನು ತಳ್ಳಿಹಾಕಲೂ ಮನಸ್ಸು ಬಾರದು. ಅಲ್ಲಿ ಡೆರೆಕ್ ಆರೈಕೆ ಮಾಡುವವನು, ಬರೀ ಅನುಕಂಪಕ್ಕೆ ಕೈಚಾಚುವವನಲ್ಲ. ಅಜ್ಜ-ಅಜ್ಜಿಯರ ಪಕ್ಕ ಕೂರಲು ಅವನಿಗೆ ಪುರುಸೊತ್ತಿದೆ. ಓದು, ಪದವಿ ಎಲ್ಲ ಇರುವ ನಮಗೆ ಇಲ್ಲದಿರುವುದು ಅದೇ!

ನಮ್ಮ ಸಿನಿಮಾ, ನಾಟಕಗಳೂ ತೊದಲುವವರನ್ನು, ಪೆದ್ದರನ್ನು ನಗೆಯ ಸರಕಾಗಿ ಬಳಸಿಕೊಂಡಿವೆ. ಮನೆಮಂದಿಯೆಲ್ಲ ಕೂತು ಇಂಥದ್ದನ್ನು ನೋಡುವಾಗ ಒಂದು ಪ್ರಶ್ನೆ ಹಾಕಿಕೊಳ್ಳೋಣ: ಆ ಪಾತ್ರದಂಥವರೇ ಒಬ್ಬರು ನಮ್ಮ ಸೋಫಾದ ಮೇಲೆ ಕೂತಿದ್ದರೆ, ಆಗಲೂ ಹೀಗೇ ನಗುತ್ತಿದ್ದೆವೇ?