ಸಿಮೆಂಟ್ ಹಾಕಿಸಿದ ಮೇಲೂ ಹಲ್ಲು ನೋಯುತ್ತಿದೆಯೇ?

ಹುಳುಕು ಹಲ್ಲಿಗೆ ಸಿಮೆಂಟ್ ಹಾಕಿಸಿಕೊಂಡು ಬಂದ ಮೇಲೆ ಹಲವರಿಗೆ ನೋವು ಹೊಸದಾಗಿ ಶುರುವಾಗುತ್ತದೆ. ದುಡ್ಡೂ ಹೋಯಿತು, ಹಲ್ಲೂ ಕೆಟ್ಟಿತು ಎಂದು ಮನೆಮಂದಿ ಮಾತಾಡಿಕೊಳ್ಳುತ್ತಾರೆ. ಪಟ್ಟದಕಲ್ಲು, ಬಾದಾಮಿ ಕಡೆಯ ಹಳ್ಳಿಗಳಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗಿ ಬಂದವರಿಗೆ ಮತ್ತೊಮ್ಮೆ ಹೋಗುವುದೆಂದರೆ ಇನ್ನೊಂದು ದಿನದ ಕೂಲಿ ಹೋದಂತೆ. ಹಾಗಾಗಿ ಕೆಲವರು ನೋವು ನುಂಗಿಕೊಂಡು ಕೂರುತ್ತಾರೆ, ಕೆಲವರು ಹಲ್ಲನ್ನೇ ಕೀಳಿಸಿಬಿಡುತ್ತಾರೆ. ನೋವು ಯಾವ ಬಗೆಯದು ಎಂದು ಗೊತ್ತಾದರೆ ಎರಡನ್ನೂ ತಪ್ಪಿಸಬಹುದು.

ಹಲ್ಲಿನ ಹೊರಗಿನ ಬಿಳಿ ಹೊದಿಕೆಗೆ ನೋವು ತಿಳಿಯದು. ಅದರ ಕೆಳಗಿನ ಹಳದಿ ಪದರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ನಾಳಗಳಿದ್ದು, ಅವುಗಳಲ್ಲಿ ದ್ರವ ತುಂಬಿರುತ್ತದೆ. ಹುಳುಕನ್ನು ಕೊರೆದು ತೆಗೆಯುವಾಗ ಈ ನಾಳಗಳು ತೆರೆದುಕೊಳ್ಳುತ್ತವೆ. ಮುಂದೆ ತಣ್ಣನೆಯದು ತಾಗಿದಾಗ ದ್ರವ ಅಲುಗಿ ಒಳಗಿನ ನರವನ್ನು ಕೆಣಕುತ್ತದೆ. ಹುಳುಕು ಆಳವಾಗಿದ್ದಷ್ಟೂ ಜುಮ್ಮೆನ್ನುವುದು ಹೆಚ್ಚು. ಹಲ್ಲಿನ ಬಣ್ಣದ ಫಿಲ್ಲಿಂಗ್ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಬೆಳ್ಳಿ ಬಣ್ಣದ್ದು ಲೋಹವಾದ್ದರಿಂದ ಬಿಸಿ, ತಂಪನ್ನು ಬೇಗ ಒಳಗೆ ಸಾಗಿಸುತ್ತದೆ.

ಚಳಿಗಾಲದ ಫಜ್ರ್‌ಗೆ ವುಝೂ ಮಾಡುವಾಗ ಬಾಯಿಗೆ ಹಾಕಿದ ತಣ್ಣೀರಿಗೆ ಹಲ್ಲು ಜುಮ್ಮೆಂದು, ಕೆಲವೇ ಕ್ಷಣಗಳಲ್ಲಿ ಸುಮ್ಮನಾದರೆ ಭಯ ಬೇಡ. ಸಾಮಾನ್ಯವಾಗಿ ಇದು ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರು ಬಳಸಿ. ಜುಮ್ಮೆನ್ನುವ ಹಲ್ಲಿಗೆಂದೇ ಸಿಗುವ ಪೇಸ್ಟ್‌ನಿಂದಲೂ ಅನುಕೂಲವಿದೆ.

ಜೋಳದ ರೊಟ್ಟಿ ಅಗಿದಾಗ ಮಾತ್ರ ನೋಯುತ್ತಿದ್ದರೆ, ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ, ಫಿಲ್ಲಿಂಗ್ ಕೂದಲೆಳೆಯಷ್ಟು ಎತ್ತರವಾಗಿದೆ ಎಂದರ್ಥ. ಇಂಜೆಕ್ಷನ್‌ನಿಂದ ಬಾಯಿ ಮರಗಟ್ಟಿರುವಾಗ ಇದು ನಮಗೆ ತಿಳಿಯುವುದಿಲ್ಲ. ವೈದ್ಯರು ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಉಜ್ಜಿ ಸರಿಪಡಿಸುತ್ತಾರೆ. ಐದು ನಿಮಿಷದ ಕೆಲಸ. ತಾನಾಗಿ ಸರಿಹೋಗಲೆಂದು ವಾರಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ಕುರ್ಚಿಯಿಂದ ಏಳುವ ಮೊದಲೇ ನಾಲ್ಕಾರು ಸಲ ಕಚ್ಚಿ ನೋಡಿ, ಅನುಮಾನವಿದ್ದರೆ ಸಂಕೋಚಪಡದೆ ಹೇಳಿ.

ಮೂರನೆಯ ಬಗೆಯನ್ನು ಹಗುರವಾಗಿ ಕಾಣಬಾರದು. ಚಹಾ ಕುಡಿದು ಮುಗಿಸಿದ ಮೇಲೂ ನಿಮಿಷಗಟ್ಟಲೆ ನೋವು ನಿಲ್ಲದಿರುವುದು, ಏನೂ ತಾಗದೆಯೇ ಮಿಡಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವುದು, ಇವು ನರ ಚೇತರಿಸಿಕೊಳ್ಳುತ್ತಿಲ್ಲ ಎಂಬುದರ ಸೂಚನೆ. ಆಗಲೂ ರೂಟ್ ಕೆನಾಲ್ ಮಾಡಿಸಿ ಹಲ್ಲನ್ನು ಹೆಚ್ಚಾಗಿ ಉಳಿಸಬಹುದು. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹುನಗುಂದ, ಇಳಕಲ್ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಮಾತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಚಿಕ್ಕಂದಿನಿಂದ ಇಂಥ ನೀರು ಕುಡಿದು ಕಂದು ಕಲೆಯಾದ ಹಲ್ಲಿಗೆ ಫಿಲ್ಲಿಂಗ್ ಸುಲಭವಾಗಿ ಅಂಟದು. ಅಂಟಿಸುವ ಮುನ್ನ ಹಲ್ಲನ್ನು ಹೆಚ್ಚು ಹೊತ್ತು ಹದಗೊಳಿಸಬೇಕಾಗುತ್ತದೆ. ಹಿಂದೊಮ್ಮೆ ಫಿಲ್ಲಿಂಗ್ ಬಿದ್ದುಹೋಗಿದ್ದರೆ ವೈದ್ಯರಿಗೆ ತಿಳಿಸಿ.

ನೋವಿನ ಹಲ್ಲಿನ ಪಕ್ಕ ಹೊಗೆಸೊಪ್ಪು ಒತ್ತಿಕೊಳ್ಳುವುದು, ಆಸ್ಪಿರಿನ್ ಮಾತ್ರೆ ಇಡುವುದು ನಮ್ಮಲ್ಲಿ ಇನ್ನೂ ಇದೆ. ಮಾತ್ರೆ ವಸಡನ್ನು ಸುಡುತ್ತದೆ. ಹೊಗೆಸೊಪ್ಪಿನ ಕೇಡು ಹೇಳಬೇಕಿಲ್ಲ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಖಾಲಿ ಹೊಟ್ಟೆಗೆ ಬೇಡ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಹುಣ್ಣು ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ರಮಝಾನ್‌ನಲ್ಲಿ ಮಾತ್ರೆಯನ್ನು ಇಫ್ತಾರ್‌ನ ಊಟದ ನಂತರ ಮತ್ತು ಸಹ್ರಿಯ ಊಟದ ಜೊತೆ ಹೊಂದಿಸಿಕೊಳ್ಳಬಹುದು. ಹಲ್ಲು ಕೊರೆಯುವಾಗ ನೀರು ಗಂಟಲಿಗಿಳಿಯುವ ಸಂಭವವಿರುವುದರಿಂದ, ತಡೆಯಬಹುದಾದ ಹುಳುಕಿಗೆ ಶಾಬಾನ್‌ನಲ್ಲೇ ಫಿಲ್ಲಿಂಗ್ ಮಾಡಿಸಿಕೊಂಡರೆ ಚೇತರಿಕೆಗೂ ಸಮಯ ಸಿಗುತ್ತದೆ.