ಕುಂಡದೊಳಗಿನ ಆಲದ ದಾಯಾದಿ

ಪಿಟೀಲಿನ ಒಡಲನ್ನು ಹೋಲುವ ಎಲೆಗಳಿಂದಾಗಿ ಫಿಡಲ್ ಲೀಫ್ ಫಿಗ್ ಎಂದು ಹೆಸರಾದ ಗಿಡವನ್ನು ಕನಕಪುರ ಸೀಮೆಯ ಕೋಡಿಹಳ್ಳಿಯಲ್ಲಿ ಕುಂಡದೊಳಗೆ ಸಾಕಬಯಸುವವರು ಮೊದಲು ಅರಿಯಬೇಕಾದುದೆಂದರೆ, ಅದು ನಮ್ಮ ಆಲ, ಅರಳಿ, ಅತ್ತಿಗಳ ದಾಯಾದಿಯೆಂಬುದು. ಪಶ್ಚಿಮ ಆಫ್ರಿಕದ ಮಳೆಕಾಡಿನಲ್ಲಿ 12ರಿಂದ 15 ಮೀಟರು ಎತ್ತರಕ್ಕೇರುವ ವೃಕ್ಷವಿದು, ಪಡಸಾಲೆಯ ಅಲಂಕಾರವಲ್ಲ.

ಎತ್ತರ ಬೇಕೆಂಬವರು ತುದಿಯ ಕುಡಿಯನ್ನು ಚಿವುಟಲಾಗದು. ಏಕೆಂದರೆ ಆ ಅಗ್ರಾಂಕುರದಿಂದ ಕೆಳಗಿಳಿಯುವ ರಸವೇ ಪಕ್ಕದ ಮೊಗ್ಗುಗಳನ್ನು ತಡೆದು, ಗಿಡದ ಶಕ್ತಿಯನ್ನು ಊರ್ಧ್ವಮುಖವಾಗಿಸುತ್ತದೆ. ಬೆಳಕು ಸಾಲದಿದ್ದರೆ ಬೇರಾವ ಉಪಚಾರವೂ ವ್ಯರ್ಥ: ಮೂಡಣ ಕಿಟಕಿಯ ಎಳಬಿಸಿಲು ಉತ್ತಮ, ಚೈತ್ರ ವೈಶಾಖಗಳ ಪಡುವಣ ಬಿಸಿಲು ಎಲೆಯನ್ನು ಸುಡುತ್ತದೆ. ವಾರಕ್ಕೊಮ್ಮೆ ಕುಂಡವನ್ನು ತುಸು ತಿರುಗಿಸಿದರೆ ಕಾಂಡ ವಾಲದು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಅತಿಪ್ರೀತಿಯಿಂದ ಎರೆದ ನೀರೇ ಬೇರನ್ನು ಕೊಳೆಸಿ ಗಿಡವನ್ನು ಕೊಲ್ಲುವುದುಂಟು. ಬೇರುಗಳು ಸುತ್ತಿಕೊಂಡಾಗ ಸ್ವಲ್ಪವೇ ದೊಡ್ಡ ಕುಂಡಕ್ಕೆ ಬದಲಿಸಬೇಕು.

ಈ ಕುಲದ ಗಿಡಗಳನ್ನು ಎತ್ತರಕ್ಕೇರಿಸುವ ವಿದ್ಯೆಗೆ ನಾವು ದೂರ ಹೋಗಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು, ಪತಿ ಚಿಕ್ಕಯ್ಯನವರೊಡನೆ, ಆಲದ ಸಸಿಗಳನ್ನು ಮಳೆಗಾಲದಲ್ಲಿ ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು, ದನಗಳು ಮೇಯದಂತೆ ಮುಳ್ಳುಬೇಲಿ ಕಟ್ಟಿ ಸಾಕಿದರು. ಸಾಲುಮರದ ತಿಮ್ಮಕ್ಕನೆಂದು ನಾಡು ಕರೆದ ಅವರಿಗೆ 2019ರಲ್ಲಿ ಪದ್ಮಶ್ರೀ ಸಂದಿತು. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆ ಮರಗಳನ್ನು ತಲೆಯೆತ್ತಿಯೇ ನೋಡಬೇಕು.